ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್‌ಗಳು ಓಡುತ್ತವಾ?

ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿಕೊಂಡಿದ್ದೀರಿ, ಹಳೇ ಗೇಮ್‌ಗಳ ಚಿಂತೆ ಅಲ್ವಾ? ಬಹಳಷ್ಟು ಓಡುತ್ತವೆ.

ನಮ್ಮ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ತೆಲುಗಿನಲ್ಲಿ ಕೇಳಿದವರಿಗೆ ತೆಲುಗಿನಲ್ಲೇ ಉತ್ತರ ಸಿಗುತ್ತದೆ. 1993ರಲ್ಲಿ ಶುರುವಾದ ವೈನ್ ಎಂಬ ಸಾಫ್ಟ್‌ವೇರ್ ಮಾಡುವುದೂ ಅದನ್ನೇ. ಗೇಮ್ ವಿಂಡೋಸ್ ಭಾಷೆಯಲ್ಲಿ ಕೇಳಿದ್ದನ್ನು ಲಿನಕ್ಸ್‌ನಿಂದ ಮಾಡಿಸಿಕೊಡುತ್ತದೆ. ಇಡೀ ವಿಂಡೋಸನ್ನು ಒಳಗೆ ಕೂರಿಸುವುದಿಲ್ಲ, ಹಾಗಾಗಿ ವೇಗ ಅಷ್ಟೇನೂ ಕುಗ್ಗುವುದಿಲ್ಲ.

ಗೇಮ್ ಕೊಂಡು ಆಡುವ ಸ್ಟೀಮ್ ಆ್ಯಪ್‌ನಲ್ಲಿ 2018ರಿಂದ ವೈನ್ ಆಧಾರದ ಪ್ರೋಟಾನ್ ಎಂಬ ಸಾಫ್ಟ್‌ವೇರ್ ಇದೆ. ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಅದನ್ನು ಆರಿಸಿಕೊಳ್ಳಿ. ವಿಂಡೋಸ್ ಡ್ರೈವ್‌ನಿಂದಲೇ ಓಡಿಸಬೇಡಿ. ನಾನು ಹಾಗೆ ಮಾಡಿದಾಗ ಪ್ಲೇ ಒತ್ತಿದರೂ ಸುಮ್ನೆ ನಿಂತುಬಿಡುತ್ತಿತ್ತು; ಲಿನಕ್ಸ್ ಪಾರ್ಟಿಶನ್‌ನಲ್ಲಿ ಹಾಕಿದ ಮೇಲೆ ಸರಿಹೋಯಿತು.

ವ್ಯಾಲರಂಟ್‌ನಂಥ ಕೆಲವು ಗೇಮ್‌ಗಳು ಮಾತ್ರ ಆಗುವುದಿಲ್ಲ. ವ್ಯಾಲರಂಟ್‌ನಲ್ಲಿ ಮೋಸದಾಟ ತಡೆಯುವ ಆಂಟಿಚೀಟ್‌ಗೆ ವಿಂಡೋಸ್‌ನ ಒಳತಿರುಳಾದ ಕರ್ನಲ್ಲೇ ಬೇಕು.