ಅಜ್ಜಿಯ ನಾಲ್ಕಾಣೆ ಮತ್ತು ಹ್ಯಾವ್‌ಲಾಕ್ ಸೇತುವೆ

ರಾಜಮಂಡ್ರಿಗೆ ಹೋಗಿಬಂದ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಗೋದಾವರಿಯ ಹಳೆಯ ಹ್ಯಾವ್‌ಲಾಕ್ ರೈಲು ಸೇತುವೆಯನ್ನು ಪ್ರವಾಸಿ ತಾಣ ಮಾಡಲು 2025ರಲ್ಲಿ ಶಂಕುಸ್ಥಾಪನೆ ಮಾಡಿದ್ದಾರೆ. 1997ರಿಂದ ರೈಲೇ ಓಡದ ತುಕ್ಕು ಕಬ್ಬಿಣಕ್ಕೆ ಕೋಟಿಗಟ್ಟಲೆ ಸುರಿಯುವ ಬದಲು ಗುಜರಿಗೆ ಹಾಕಬಾರದೇ? ಅದೂ ಬ್ರಿಟಿಷ್ ಗವರ್ನರನ ಹೆಸರಿನದು!"

ದುಡ್ಡಿನ ಮಾತು ಸರಿ, ಸ್ವಾಮಿ. ಕಬ್ಬಿಣಕ್ಕೆ ಬಣ್ಣ ಬಳಿಯುತ್ತಲೇ ಇರಬೇಕು, ಮುಗಿಯದ ಖರ್ಚು. ಇಲ್ಲಿಗೆ ನಿಮ್ಮ ಪಾಲಿನ ನ್ಯಾಯ ಸಂದಾಯವಾಯಿತು.

1900ಕ್ಕೆ ಮೊದಲು ಮದರಾಸಿನಿಂದ ಕಲ್ಕತ್ತೆಯ ಕಡೆ ಹೊರಟವರಿಗೆ ಗೋದಾವರಿ ದಂಡೆಯಲ್ಲೇ ಹಳಿ ಮುಗಿಯುತ್ತಿತ್ತು. ಗಂಟುಮೂಟೆ ಇಳಿಸಿ, ನೀರಿನ ಮೇಲೆ ದಾಟಿ, ಆಚೆ ದಡದಲ್ಲಿ ಮತ್ತೆ ರೈಲು ಹತ್ತಬೇಕು. ವಾಲ್ಟನ್ ಎಂಬ ಎಂಜಿನಿಯರ ಉಸ್ತುವಾರಿಯಲ್ಲಿ 1897ರಲ್ಲಿ ಕೆಲಸ ಹಿಡಿದು ಮೂರೇ ವರ್ಷಕ್ಕೆ ಮುಗಿಸಿದರು: ಕಂಬದಿಂದ ಕಂಬಕ್ಕೆ ಒಂದರಂತೆ 56 ಅಂಕಣ, ಎರಡೂಮುಕ್ಕಾಲು ಕಿಲೋಮೀಟರಿನಷ್ಟು ಉದ್ದ. ಈಗ ನಮ್ಮೂರ ಮೇಲ್ಸೇತುವೆಗಳಿಗೆ ಎಷ್ಟು ವರ್ಷ ಹಿಡಿಯುತ್ತದೆಂದು ನಾನು ಹೇಳಬೇಕಿಲ್ಲ.

ಹೆಸರಿನ ತಕರಾರು ಬಿಡಿ. ಸ್ವಲ್ಪ ಕೆಳಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ನನ ಪ್ರತಿಮೆಗೆ ಗೋದಾವರಿ ಸೀಮೆಯ ರೈತರು ಇಂದಿಗೂ ಹಾರ ಹಾಕುತ್ತಾರೆ. ನಮ್ಮ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಕಟ್ಟಿಸಿದ ಕಲ್ಲುಸೇತುವೆಗೂ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರೇ, ಅದನ್ನೂ ಒಡೆಯೋಣವೇ? ಹೊಳೆಯೊಳಗೆ ಕಂಬ ಎಬ್ಬಿಸಿದ ಕೂಲಿಗಳ ಹೆಸರಿಡಿ ಎಂದು ಬರೆದಿದ್ದರೆ ನಾನೂ ಸಹಿ ಹಾಕುತ್ತಿದ್ದೆ.

1971ರಲ್ಲಿ ಅಜ್ಜಿಯ ಜೊತೆ ಹೌರಾ ಮೇಲ್‌ನಲ್ಲಿ ಹೋಗಿದ್ದೆ. ಆಗ ಅಲ್ಲಿ ಇದ್ದದ್ದು ಇದೊಂದೇ ರೈಲು ಸೇತುವೆ. ಗಾಲಿಯ ಸದ್ದು ಬದಲಾದದ್ದೇ ತಡ, ಬೋಗಿಯಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದು ಕೈಮುಗಿದು ಕಾಸು ಎಸೆದರು. ಅಜ್ಜಿ ಕೊಟ್ಟ ನಾಲ್ಕಾಣೆಯನ್ನು ನಾನೂ ಬೀಸಿದೆ. ಪಕ್ಕದ ಕಬ್ಬಿಣದ ಪಟ್ಟಿಗೆ ಟಣ್ ಎಂದು ಬಡಿಯಿತು. "ನೀರಿಗೆ ಬಿತ್ತೇನೋ?" ಎಂದರು ಅಜ್ಜಿ. ಬಿತ್ತು ಎಂದೆ.

ಈಗ ಏಸಿ ಬೋಗಿಯ ಗಾಜು ತೆರೆಯುವುದೇ ಇಲ್ಲ. ಗೋದಾವರಿ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಮೊಬೈಲಿನಿಂದ ತಲೆ ಎತ್ತಿದರೆ ತಾನೇ! ಬ್ರಾಡ್‌ಗೇಜ್ ಬಂತೆಂದು ನಮ್ಮ ಮೀಟರ್‌ಗೇಜ್ ಕಾಲದ ಪುಟ್ಟ ಹೆಂಚಿನ ನಿಲ್ದಾಣಗಳನ್ನು ಕೆಡವಿದಾಗಲೂ ನಾವು ಹೀಗೇ ಸುಮ್ಮನಿದ್ದೆವು.

ಆ ಸೇತುವೆಯ ಮೇಲೆ ನಡೆಯಲು ಬಿಡಲಿ, ನಾನಂತೂ ಹೋಗುವವನೇ. ಸುಳ್ಳು ಹೇಳಿದ ಆ ನಾಲ್ಕಾಣೆ ಯಾವ ಕಂಬದ ತಲೆಯ ಮೇಲೆ ಕೂತಿದೆಯೋ, ಹುಡುಕಬೇಕು.