ಬೆರಳು ಬೆಳ್ಳಗಾಗುವವರಿಗೆ ಟೊರೊಂಟೋ

"ಬೆಂಗಳೂರಿನ ಡಿಸೆಂಬರಿಗೇ ನನ್ನ ಬೆರಳು ಸೀಮೆಸುಣ್ಣದ ಹಾಗಾಗುತ್ತೆ. ಡಾಕ್ಟರು ರೇನೋಸ್ ಅಂದಿದ್ದಾರೆ. ಟೊರೊಂಟೋದಲ್ಲಿ ಬದುಕೋಕಾಗುತ್ತಾ?" ಅಂತ ಕೇಳಿದ್ದೀರಿ. ನನಗೂ ಅದೇ ಕಾಯಿಲೆ, ಚಳಿ ತಾಗಿದರೆ ಬೆರಳಿಗೆ ರಕ್ತ ಸರಿಯಾಗಿ ಹರಿಯೋದಿಲ್ಲ. ಇಲ್ಲಿ 11 ಚಳಿಗಾಲ ಕಳೆದಿದ್ದೇನೆ, ಹತ್ತು ಬೆರಳೂ ಇವೆ. ಬನ್ನಿ.

ನಿಮಗೆ ಹೆದರಿಕೆ ಮೈನಸ್ 20ರದ್ದು, ಅಲ್ವಾ? ಅಂಥ ದಿನ ಹೇಗೂ ಕಟ್ಟಿಕೊಂಡು ಸುತ್ತಿಕೊಂಡೇ ಹೊರಡುತ್ತೀರಿ. ನನ್ನನ್ನು ಕೆಡವಿದ್ದು ತೆಂಗಿನ ತುರಿ. ಇಂಡಿಯನ್ ಅಂಗಡಿಯ ಫ್ರೀಜರಿನಿಂದ ಎರಡು ಪ್ಯಾಕೆಟ್ ತೆಗೆದು, ಯಾವುದು ಅಗ್ಗ ಅಂತ ನೋಡುತ್ತಾ ನಿಂತೆ. ಜುಲೈ ತಿಂಗಳು! ಕೌಂಟರಿಗೆ ಬರುವಷ್ಟರಲ್ಲಿ ಎರಡು ಬೆರಳು ಮೇಣದ ಹಾಗೆ. ಕಾರ್ಡ್ ಹಿಡಿಯೋಕೇ ಆಗಲಿಲ್ಲ. ಹಿಂದಿದ್ದ ಅಜ್ಜಿಯೊಬ್ಬರು ಅದನ್ನು ಎತ್ತಿ ಮೆಷಿನ್ನಿಗೆ ತಾಗಿಸಿದರು. ಚಳಿಗೆ ಸಣ್ಣ ರಕ್ತನಾಳಗಳು ಎಲ್ಲರಿಗೂ ಮುದುರುತ್ತವೆ, ನಮ್ಮವು ಅತಿ ಮಾಡುತ್ತವೆ. ಈಗ ತೆಂಗಿನ ತುರಿ ಎತ್ತುವುದು ನಮ್ಮ ಯಜಮಾನರ ಕೆಲಸ.

ಮೊದಲ ವರ್ಷ ನಾನು ಮಾಡಿದ ಪೆದ್ದುತನ ನೀವು ಮಾಡಬೇಡಿ. ಬಸ್ಸಿಗೆ ಕಾದು ಮನೆಗೆ ಬಂದವಳೇ ಮರಗಟ್ಟಿದ ಕೈಯನ್ನು ಬಿಸಿನೀರಿನ ನಲ್ಲಿಗೆ ಹಿಡಿದೆ. ಬಿಸಿ ಗೊತ್ತೇ ಆಗಲಿಲ್ಲ, ಬೊಬ್ಬೆ ಎದ್ದಿತು. ಉಗುರುಬೆಚ್ಚಗಿನ ನೀರು ಸಾಕು, ಅದೂ ಇಲ್ಲದಿದ್ದರೆ ಕಂಕುಳಲ್ಲಿ ಇಟ್ಟುಕೊಳ್ಳಿ. ರಕ್ತ ವಾಪಸ್ ಬರುವಾಗ ಜುಮುಜುಮು ಅಂತ ಉರಿಯುತ್ತೆ, ಗಾಬರಿ ಬೇಡ. ಬೆಳ್ಳಗಾದಾಗ ಫೋಟೋ ತೆಗೆದಿಡಿ. ಡಾಕ್ಟರ ಮುಂದೆ ಕೂತಾಗ ದರಿದ್ರ ಬೆರಳು ಸರಿಯಾಗೇ ಇರುತ್ತೆ.

ಊರಿಂದ ಗ್ಲೌಸ್ ಹೊತ್ತು ತರಬೇಡಿ. ನಾಲ್ಕು ಬೆರಳೂ ಒಂದೇ ಗೂಡಲ್ಲಿ ಕೂರುವ ಮಿಟನ್ಸ್ ಇಲ್ಲೇ ಕೊಳ್ಳಿ. ಅಂಗಿಯ ಒಳಗೆ ಥರ್ಮಲ್ ಬಟ್ಟೆ ಇರಲಿ, ಮೈ ಬೆಚ್ಚಗಿದ್ದರೇ ಬೆರಳಿಗೂ ರಕ್ತ ಹರಿಯುವುದು. ಡೌನ್‌ಟೌನಿನಲ್ಲಿ ಕೆಲಸವಾದರೆ ಅದೃಷ್ಟ: ಪಾಥ್ ಅಂತ ಸುಮಾರು 30 ಕಿ.ಮೀ. ಉದ್ದದ ನೆಲದಡಿ ದಾರಿಗಳಿವೆ. ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು, ಹೊರಗೆ ಕಾಲಿಡದೆ ಎಷ್ಟೋ ಆಫೀಸು ಸೇರಬಹುದು.

ಒಂದು ಕೆಲಸ ಮಾತ್ರ ಹೊರಡುವ ಮೊದಲೇ ಮುಗಿಸಿ. ದೇಹ ತನ್ನ ಮೇಲೇ ತಿರುಗಿಬಿದ್ದಿದೆಯಾ ಅಂತ ಸುಳಿವು ಕೊಡುವ ಎಎನ್‌ಎ ರಕ್ತಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಬರೀ ರೇನೋಸ್ ಆದರೆ ನಿಭಾಯಿಸಬಹುದು, ಲೂಪಸ್ ಅಥವಾ ಸ್ಕ್ಲೀರೋಡರ್ಮಾದಂಥ, ದೇಹವೇ ತನ್ನ ಮೇಲೆ ದಾಳಿ ಮಾಡುವ ಕಾಯಿಲೆಯ ಜೊತೆ ಬಂದಿದ್ದರೆ ಕಥೆ ಬೇರೆ. ಇಲ್ಲಿ ಫ್ಯಾಮಿಲಿ ಡಾಕ್ಟರ್ ಸಿಗುವುದೇ ತಡ, ಸ್ಪೆಷಲಿಸ್ಟ್ ಇನ್ನೂ ತಡ. ಬೆರಳ ತುದಿಯಲ್ಲಿ ಹುಣ್ಣಾದರೆ ಮಾತ್ರ ಕಾಯುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೋಗಿ. ನನಗೆ ಚಳಿಗಾಲಕ್ಕೆ ನಿಫೆಡಿಪಿನ್ ಕೊಟ್ಟಿದ್ದಾರೆ, ರಕ್ತನಾಳ ಸಡಿಲಿಸುವ ಬಿಪಿ ಮಾತ್ರೆಯೇ. ತಲೆನೋವು, ಪಾದ ಊತ ಸ್ವಲ್ಪ ಇದ್ದೇ ಇದೆ. ಮೂಗು ಕಟ್ಟಿದಾಗ ಫಾರ್ಮಸಿಯಲ್ಲಿ ಸಿಗುವ ಮಾತ್ರೆಯ ಡಬ್ಬಿ ಓದಿ ನೋಡಿ. ಸ್ಯೂಡೋಎಫೆಡ್ರಿನ್ ಅಂತ ಇದ್ದರೆ ವಾಪಸ್ ಇಡಿ, ಅದು ರಕ್ತನಾಳ ಇನ್ನೂ ಬಿಗಿಯುತ್ತೆ.

ಬರುವ ದಿನ ತಿಳಿಸಿ. ನನ್ನ ಹತ್ತಿರ ಒಂದು ಜೊತೆ ಮಿಟನ್ಸ್ ಜಾಸ್ತಿ ಇದೆ.