ಹೊಸ ಮನೆ ಬಿಟ್ಟು ಯಾಕೆ ವಾಪಸ್ ಬರುತ್ತಾರೆ?

ಸರ್ಕಾರ ಹೊಸ ಮನೆ ಕೊಟ್ಟರೂ ಬಡವರು ಮತ್ತೆ ಕೊಳೆಗೇರಿಗೇ ಯಾಕೆ ಬರುತ್ತಾರೆ ಅಂತ ಕೇಳಿದ್ದೀರಿ. ದಯವಿಟ್ಟು ಅವರನ್ನು ದೂರಬೇಡಿ. ತಪ್ಪು ಜಾಸ್ತಿ ಇರುವುದು ಜಾಗದ ಆಯ್ಕೆಯಲ್ಲಿ. ಊರಾಚೆ ಭೂಮಿ ಅಗ್ಗ, ಅದಕ್ಕೇ ಅಲ್ಲಿ ಕಟ್ಟುತ್ತಾರೆ. ಆದರೆ ಕೂಲಿ ಸಿಗುವುದು ಊರೊಳಗೆ ಅಲ್ವಾ? ದುಡಿದದ್ದೆಲ್ಲ ಬಸ್ಸಿಗೇ ಹೋದರೆ ಯಾರು ಉಳಿಯುತ್ತಾರೆ? ಮೆಕ್ಸಿಕೋದಲ್ಲಿ ಹೀಗೆ ದೂರದಲ್ಲಿ ಕಟ್ಟಿದ ಲಕ್ಷಗಟ್ಟಲೆ ಮನೆಗಳು ಖಾಲಿ ಬಿದ್ದವು.

ಥಾಯ್ಲೆಂಡಿನ ‘ಬಾನ್ ಮಂಕೊಂಗ್’ ಯೋಜನೆ ನೋಡಿ. 2003ರಲ್ಲಿ ಶುರುವಾಯಿತು. ಅಲ್ಲಿ ಮನೆಯನ್ನು ಸುಮ್ನೆ ಕಟ್ಟಿ ಕೈಗೆ ಕೊಡುವುದಿಲ್ಲ. ನಿವಾಸಿಗಳೇ ಉಳಿತಾಯ ಗುಂಪು ಮಾಡಿಕೊಳ್ಳುತ್ತಾರೆ. ಸಾಲ ಸಿಗುವುದು ಗುಂಪಿಗೆ. ಮನೆ ಹೇಗಿರಬೇಕು ಅಂತ ಅವರೇ ಕೂತು ತೀರ್ಮಾನಿಸುತ್ತಾರೆ. ಆದಷ್ಟೂ ಇದ್ದ ಜಾಗದಲ್ಲೇ, ಇಲ್ಲವಾದರೆ ಹತ್ತಿರದಲ್ಲೇ. ಹಾಗಾಗಿ ಕೆಲಸವೂ ತಪ್ಪುವುದಿಲ್ಲ, ನೆರೆಹೊರೆಯೂ ಚದುರುವುದಿಲ್ಲ.